ಗೇಣು ದೂರದ ಏಟು

ಗಾಲ್ಫ್ ಆಡುವಾಗ ಲಾಲ್ ಅಹ್ಮದನ ಕೈ ನಡುಗಿತು, ಅದಕ್ಕೇ ಅವನ ಮನೆ ಹಾಳಾಯಿತು ಎಂದು ಶಹಾಬಾದಿನ ಚಹಾದಂಗಡಿಗಳಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಅವರ ಬಾಯಿಗೆ ಹುಳ ಬೀಳಲಿ. ಅವರಲ್ಲಿ ಒಬ್ಬನೂ ಆ ದಿನ ಮೈದಾನದಲ್ಲಿ ಇರಲಿಲ್ಲ. ಇದ್ದವನು ನಾನು, ಸಾಬಣ್ಣ, ಅವನ ಜೋಡಿ. ಅವನು ಮಣ್ಣಿಗೆ ಹೋಗಿ ಮೂರು ವರ್ಷವಾಯಿತು. ನನಗೂ ಅರವತ್ತು ಮುಗಿಯಿತು, ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ. ಏಳನೇ ತರಗತಿ ಪಾಸು ಮಾಡಿದ ನಾಲ್ಕು ಅಕ್ಷರ ಕೈಯಲ್ಲಿವೆಯಲ್ಲ, ಆಗಿದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನಾವಿಬ್ಬರೂ ಪರ್ಸಿ ಖಣಿಯಲ್ಲಿ, ಅಂದರೆ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲಿನ ಗಣಿಯಲ್ಲಿ, ಕಲ್ಲು ಸೀಳುವವರು. ನಮ್ಮ ನೆಲದ ಕಲ್ಲು ರೊಟ್ಟಿ ಒಂದರ ಮೇಲೊಂದು ಅಡಕಿಟ್ಟ ಹಾಗೆ ಪದರ ಪದರವಾಗಿ ಕೂತಿರುತ್ತದೆ. ದಾರ ಹಿಡಿದು ಗೆರೆ ಹಾಕಬೇಕು, ಗೆರೆಯುದ್ದಕ್ಕೂ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆಯುತ್ತ ಹೋಗಬೇಕು, ಆಮೇಲೆ ಹಾರೆ ಹಾಕಿ ಮೀಟಿದರೆ ಹಾಸುಗಲ್ಲು ಸುಖವಾಗಿ ಮೇಲೇಳುತ್ತದೆ. ಗೆರೆಯ ಮೇಲಿನ ನಲವತ್ತು ಏಟೂ ಒಂದೇ ತೂಕದವಾಗಿರಬೇಕು, ಕಷ್ಟವಿರುವುದೆಲ್ಲ ಅಲ್ಲೇ. ಮೂವತ್ತೊಂಬತ್ತು ಸರಿಯಾಗಿ ಬಿದ್ದು ಒಂದು ಜೋರಾಯಿತೋ, ಕಲ್ಲು ಅಡ್ಡ ಸೀಳಿ ಅರ್ಧ ದಿನದ ದುಡಿತ ಜಲ್ಲಿಯಾಗುತ್ತದೆ. ಲಾಲ್ ಅಹ್ಮದ್ ಸೀಳಿದ ಕಲ್ಲಿನ ಅಂಚಿಗೆ ಕೈ ಸವರಿಯೇ ನಮ್ಮ ಮೇಸ್ತ್ರಿ ಮುಕದ್ದಮ, "ಇದು ಲಾಲ್ಯಾನ ಕಲ್ಲು" ಅನ್ನುತ್ತಿದ್ದ. ನನ್ನ ಕಲ್ಲು ನೋಡಿದರೆ ಏನೂ ಅನ್ನುತ್ತಿರಲಿಲ್ಲ.

ನನ್ನದು ಮೂಗಿನ ತುದಿಯ ಸಿಟ್ಟು. ಒಂದು ಏಟು ಕೆಟ್ಟರೆ ಆ ಸಿಟ್ಟಿನಲ್ಲೇ ಎರಡನೆಯದನ್ನು ಹೊಡೆದು ಅದನ್ನೂ ಕೆಡಿಸುತ್ತಿದ್ದೆ. ಒಮ್ಮೆ ತಡೆಯಲಾರದೆ ಅವನನ್ನೇ ಕೇಳಿದೆ, "ಲೇ ಲಾಲ್ಯಾ, ಮುಂಜಾನಿಂದ ಸಂಜಿತನಕ ಒಂದs ನಮೂನಿ ಹ್ಯಾಂಗ ಹೊಡೀತಿ?"

ಅವನು ಬೀಡಿ ಹಚ್ಚುತ್ತ ಹೇಳಿದ, "ಹಿಂದಿನ ಏಟು ಹೋತು, ಅದು ಕಲ್ಲಿಂದು. ಮುಂದಿನ ಏಟು ಇನ್ನಾ ಬಂದಿಲ್ಲ. ನನ್ನ ಕೈಯಾಗ ಇರೋದು ಇದೊಂದs. ಇದರಾಗ ಕಷ್ಟ ಏನದ?" ಕೇಳಲು ಛಂದ. ನನಗೆ ಮಾತ್ರ ಒಂದು ದಿನವೂ ಆಗಲಿಲ್ಲ.

ನನ್ನಂಥವರಿಗಾಗಿಯೇ ನಮ್ಮ ಖಣಿಯಲ್ಲಿ ಒಂದು ಪದ್ಧತಿಯಿತ್ತು. ಅದಕ್ಕೆ ಏಟು ಇಳಿಸುವುದು ಅನ್ನುತ್ತಿದ್ದೆವು, ಮಕ್ಕಳಿಗೆ ದೃಷ್ಟಿ ಇಳಿಸುತ್ತಾರಲ್ಲ, ಹಾಗೆ. ಕೆಟ್ಟ ಏಟು ಬಿದ್ದರೆ ಹೊಡೆದವನು ಎರಡನೇ ಏಟು ಹಾಕಬಾರದು. ಸುತ್ತಿಗೆಯನ್ನು ಜೋಡಿಯ ಕೈಗೆ ಕೊಟ್ಟು ಮುಖ ತಿರುಗಿಸಿ ನಿಲ್ಲಬೇಕು. ಜೋಡಿಯವನು ಅದೇ ಗೆರೆಯ ಮೇಲೆ ಅವನ ಹೆಸರಿನಲ್ಲಿ ಒಂದು ಏಟು ಹಾಕಿ "ಹೋತು" ಎಂದು ಸುತ್ತಿಗೆ ಮರಳಿಸಬೇಕು. ಕೆಟ್ಟ ಏಟು ಒಂಟಿ ಬರುವುದಿಲ್ಲ, ಅದೇ ಕೈ ಮತ್ತೆ ಹೊಡೆದರೆ ಅಣ್ಣತಮ್ಮಂದಿರನ್ನು ಕರೆತರುತ್ತದೆ ಎಂದು ಹಿರಿಯರ ಮಾತು. ಸಾಬರು, ಲಿಂಗಾಯತರು, ವಡ್ಡರು, ಎಲ್ಲರೂ ಇದನ್ನು ಪಾಲಿಸುತ್ತಿದ್ದರು. ಲಾಲ್ ಅಹ್ಮದ್ ನನ್ನ ಏಟನ್ನು ಎಷ್ಟು ಸಾವಿರ ಸಲ ಇಳಿಸಿದನೋ ಲೆಕ್ಕವಿಲ್ಲ. ಅವನದನ್ನು ನಾನು ಇಳಿಸಿದ್ದು ಆಗಿನ ಹನ್ನೊಂದು ವರ್ಷದ ಜೋಡಿಯಲ್ಲಿ ಎರಡೋ ಮೂರೋ ಸಲ.

ಇನ್ನು ಗಾಲ್ಫಿನ ವಿಷಯ. ಚಿತ್ತಾಪುರದ ದಾರಿಯಲ್ಲಿ ಆಗ ಒಂದು ಕಂಪನಿಯಿತ್ತು. ಈಗ ಅದೂ ಇಲ್ಲ, ಅದರ ಹೆಸರೂ ಬೇಡ. ಕಲ್ಲು ತೆಗೆದು ಮುಗಿದ ಬಯಲಿನಲ್ಲಿ ಅಲ್ಲಿಯ ಸಾಹೇಬರು ಒಂಬತ್ತು ಕುಣಿಯ ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ನಮ್ಮ ಬಿಸಿಲಿಗೆ ಹುಲ್ಲೆಲ್ಲಿ ನಿಲ್ಲಬೇಕು? ಕುಣಿಯ ಸುತ್ತ ಮರಳಿಗೆ ಸುಟ್ಟ ಎಣ್ಣೆ ಕಲಸಿ ಹಾಸಿ ಗಟ್ಟಿ ಮಾಡಿದ್ದರು. ನಾವು ಅದನ್ನು ಕರಿ ಅಂಗಳ ಅನ್ನುತ್ತಿದ್ದೆವು. ದೂರದಿಂದ ಚೆಂಡನ್ನು ಕೋಲಿನಿಂದ ಹೊಡೆದು ಕರಿ ಅಂಗಳಕ್ಕೆ ತರುವುದು, ಅಲ್ಲಿಂದ ಮೆಲ್ಲಗೆ ತಟ್ಟಿ ಕುಣಿಗೆ ಬೀಳಿಸುವುದು. ಯಾರ ಏಟು ಕಡಿಮೆಯೋ ಅವನು ಗೆದ್ದ. ಇಷ್ಟೇ ಆಟ. ಊರಿಗೆ ಕುಡಿಯುವ ನೀರಿಲ್ಲದ ಬೇಸಿಗೆಯಲ್ಲಿ ಆ ಮೈದಾನದ ಹಾದಿಗಳ ಧೂಳಿಗೆ ನೀರು ಚಿಮುಕಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅರವತ್ತೆಂಟನೇ ಇಸವಿ, ಆಗ ಇನ್ನೂ ಮೈಸೂರು ರಾಜ್ಯ. ಆ ಮೈದಾನದಲ್ಲಿ ಕಾಲುದಾರಿಗೆ ಪರ್ಸಿ ಹಾಸಲು ನಮ್ಮಿಬ್ಬರನ್ನೂ ರೋಜಿನ ಕೂಲಿಯಾಳಾಗಿ ಕರೆಸಿದರು. ಕಂಪನಿಯ ಚೀಫ್ ಸಾಹೇಬರು ಧಾರವಾಡದ ಕಡೆಯವರು, ದೊಡ್ಡ ಆಳು. ಆಟ ಬರುತ್ತಿರಲಿಲ್ಲ, ಹುಚ್ಚು ಮಾತ್ರ ಬೆಟ್ಟದಷ್ಟು. ಚೆಂಡು ತಪ್ಪಿದರೆ ಗಾಳಿಯನ್ನು ಬಯ್ಯುವರು, ನೆಲವನ್ನು ಬಯ್ಯುವರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಂದು ದಿನ ಅವರು ಸಿಟ್ಟಿನಲ್ಲಿ ಕೋಲು ಬಿಸಾಡಿದ್ದು ನಮ್ಮ ಕಲ್ಲಿನ ಮೇಲೆ ಬಿತ್ತು. ಲಾಲ್ ಅಹ್ಮದ್ ಎತ್ತಿ ಕೊಡಲು ಹೋದ. "ಏನ್ ನಗತೀಯೋ? ನೀನs ಹೊಡದು ತೋರಸು" ಎಂದರು. ಅವನು ನಗುತ್ತಿರಲಿಲ್ಲ, ಅವನ ಮುಖವೇ ಹಾಗೆ. ಏಳು ಚೆಂಡು ಹೊಡೆದ. ಮೊದಲನೆಯದು ಎಲ್ಲಿಯೋ ಹೋಯಿತು. ಉಳಿದ ಆರೂ ನೂರು ಹೆಜ್ಜೆ ಆಚೆ, ಒಂದು ಕಂಬಳಿ ಹಾಸಿದರೆ ಅದರೊಳಗೆ ಬರುವಷ್ಟರಲ್ಲಿ ಬಿದ್ದವು. ಸಾಹೇಬರು ಅಲ್ಲೇ ಕೂತುಬಿಟ್ಟರು.

ಮರುದಿನದಿಂದ ಅವನಿಗೆ ಕ್ಲಬ್ಬಿನಲ್ಲಿ ಹಂಗಾಮಿ ಕೆಲಸ. ಮುಂಜಾನೆ ಕರಿ ಅಂಗಳ ಎಳೆದು ಸಾಪು ಮಾಡುವುದು, ಸಂಜೆ ಸಾಹೇಬರ ಜೊತೆ ಆಡುವುದು. ಕೋಲಿನ ಚೀಲ ಹೊರಲು ನನ್ನ ಜೋಡಿಯೇ ಬೇಕೆಂದು ಅವನು ಹಟ ಹಿಡಿದದ್ದಕ್ಕೆ ನನಗೂ ಅಲ್ಲೇ ಕೆಲಸವಾಯಿತು. ಒಂದು ವರ್ಷ ಅವನ ಆಟ ನೋಡಬೇಕಿತ್ತು ನೀವು! ಸಾಹೇಬರು ಒಂದು ದಿನ ಹುಲಿ, ಒಂದು ದಿನ ಇಲಿ. ಇವನು ದಿನಾ ಅಷ್ಟೇ. ಗೆದ್ದರೂ ಅದೇ ಮುಖ, ಸೋತರೂ ಅದೇ ಮುಖ. ಕ್ಲಬ್ಬು ನೋಡಿಕೊಳ್ಳುತ್ತಿದ್ದ ಗುಲಾಮ ದಸ್ತಗೀರ ಚಾಚಾ ನಿಜಾಮನ ಕಾಲದಲ್ಲಿ ಸಿಕಂದರಾಬಾದಿನಲ್ಲಿ ಗೋರಾ ಸಾಹೇಬರ ಕೋಲು ಒರೆಸಿದವರು. "ಇಂಥಾ ತಣ್ಣನ ತಲಿ ನಾ ಗೋರಾ ಮಂದ್ಯಾಗೂ ನೋಡಿಲ್ಲಪಾ" ಎಂದು ಅವರೇ ಹೇಳುತ್ತಿದ್ದರು.

ಅದೇ ವರ್ಷ ಅವನ ಹೆಂಡತಿ ಜೈತುನ್ಬೀಗೆ ಕೆಮ್ಮು ಹಿಡಿಯಿತು. ಹದಿನೈದು ವರ್ಷ ಖಣಿಯಲ್ಲಿ ಜಲ್ಲಿ ಹೊತ್ತ ಹೆಂಗಸು. ಮೊದಲು ಧೂಳು ಅಂದೆವು, ಆಮೇಲೆ ಚಳಿ ಅಂದೆವು. ಕೊನೆಗೆ ಕಫದಲ್ಲಿ ರಕ್ತ ಕಂಡಾಗ ಅನ್ನಲು ಏನೂ ಉಳಿಯಲಿಲ್ಲ. ಟಿ.ಬಿ. ಸರಕಾರಿ ದವಾಖಾನೆಯಲ್ಲಿ ಸೂಜಿಮದ್ದು ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ವಾರ ಬಾ. ಒಂದೂವರೆ ವರ್ಷ ತಪ್ಪದೆ ಚುಚ್ಚಬೇಕಾದ ಮದ್ದು ಅದು. ಕಂಪನಿಯ ದವಾಖಾನೆಯ ಕಪಾಟು ತುಂಬ ಮದ್ದಿತ್ತು. ಬೇಕಾದರೆ ದೂರದ ಸ್ಯಾನಟೋರಿಯಂಗೂ ಅವರೇ ಕಳಿಸುತ್ತಿದ್ದರು. ಆದರೆ ಅದೆಲ್ಲ ಕಾಯಂ ನೌಕರರ ಮನೆಯವರಿಗೆ ಮಾತ್ರ. ಹಂಗಾಮಿ ಆಳಿನ ಹೆಂಡತಿ ಬಾಗಿಲಲ್ಲಿ ಸತ್ತರೂ ಒಳಗೆ ಬಿಡುವ ಹುಕುಂ ಇರಲಿಲ್ಲ.

ಲಾಲ್ ಅಹ್ಮದ್ ಚೀಫ್ ಸಾಹೇಬರ ಕಾಲು ಹಿಡಿದ. ಅವರೇನು ಕಲ್ಲೆದೆಯವರಲ್ಲ, ನಿಜ ಹೇಳಬೇಕು. ಆದರೆ ಅವರಿಗೆ ಎಲ್ಲವೂ ಆಟದೊಳಗಿಂದಲೇ ಕಾಣುತ್ತಿತ್ತು. ಪ್ರತಿ ಜನವರಿಯಲ್ಲಿ ಮೂರು ಕಂಪನಿಗಳ ನಡುವೆ ಒಂದು ಕಪ್ಪಿನ ಪಂದ್ಯ ಆಗುತ್ತಿತ್ತು. ಒಂದೊಂದು ತಂಡದಲ್ಲಿ ಇಬ್ಬರು ಸಾಹೇಬರು, ಒಬ್ಬ ಕೂಲಿಕಾರ. ಮೂವರ ಏಟೂ ಕೂಡಿಸಿ ನೋಡುವುದು. "ಈ ಸಲ ಕಪ್ ತಂದುಕೊಡು, ನಿನ್ನನ್ನ ಕಾಯಂ ಮಾಡಸ್ತೀನಿ. ಗೆದ್ದ ಮನುಷ್ಯಾಗ ಮ್ಯಾಲಿನವರು ಇಲ್ಲ ಅನ್ನೂದಿಲ್ಲ" ಎಂದರು. ಹುಮ್ಮಸ್ಸು ಬರಲಿ ಎಂದು ಕಾಯಂ ಪತ್ರವನ್ನು ಟೈಪು ಮಾಡಿಸಿ ತೋರಿಸಿದರು. ಅವನ ಹೆಸರು, ಅವನಪ್ಪನ ಹೆಸರು, ಎಲ್ಲ ಇತ್ತು. ಸಹಿ ಮಾತ್ರ ಬಾಕಿ. ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಆ ಪತ್ರ ನೋಡಿದ ದಿನವೇ ಅವನ ಕೈ ಹೋಯಿತು.

ದೂರದ ಏಟಿಗೆ ಏನೂ ಆಗಲಿಲ್ಲ, ಅದು ಮೈಯ ಕೆಲಸ. ಕರಿ ಅಂಗಳದಲ್ಲಿ ಎರಡು ಮಾರು ದೂರದಿಂದ ತಟ್ಟಬೇಕಾದಾಗ ಬಲಗೈಯ ಮಣಿಕಟ್ಟು ತಂತಾನೇ ಜಗ್ಗುತ್ತಿತ್ತು. ಚೆಂಡು ಕುಣಿ ದಾಟಿ ಆಚೆ. ಮತ್ತೆ ತಟ್ಟಿದರೆ ಈಚೆ. ಒಂದು ಸಂಜೆ ಗೇಣು ದೂರದಿಂದ ಮೂರು ಸಲ ತಪ್ಪಿದ. ಸಾಹೇಬರು ಬೊಂಬಾಯಿಂದ ತರಿಸಿದ ಪುಸ್ತಕ ಓದಿ ಹೇಳಿದರು: ಮನಸ್ಸು ಖಾಲಿ ಇಡು, ಏನೂ ಯೋಚಿಸಬೇಡ, ಚೆಂಡೊಂದನ್ನೇ ನೋಡು. ಹೇಳುವುದಕ್ಕೇನು, ಬಾಯಿಗೆ ಬಾಡಿಗೆಯೇ? ನಾನು ದರ್ಗಾದಿಂದ ತಾಯಿತ ತಂದು ಕಟ್ಟಿದೆ. ನಮ್ಮ ಹನುಮಪ್ಪನಿಗೆ ಕಾಯಿ ಒಡೆಸಿದೆ. ಎರಡೂ ದೇವರು ಸುಮ್ಮನಿದ್ದರು.

ಜಾಲಿಯ ನೆರಳಿನಲ್ಲಿ ಕೂಡಿಸಿ ಕೇಳಿದೆ, "ಏನಾಗ್ಲಿಕತ್ತದಲೇ ನಿನಗ?"

"ಏನೂ ಯೋಚಿಸಬ್ಯಾಡ ಅಂತಾರ, ಸಾಬಣ್ಣ. ಅಂದಕೂಡ್ಲೇ ಯೋಚನಿ ಬರ್ತದ. ಆ ಪತ್ರ ಬಂದಾಗಿಂದ ಜೈತುನ್ ನನ್ನ ಮುಂದ ಕೆಮ್ಮೋದು ಬಿಟ್ಟಾಳ. ನನ್ನ ತಲಿ ಕೆಡಬಾರದಂತ ಸೆರಗ ಬಾಯಾಗ ತುರುಕಿ ತಡಕೋತಾಳ. ಕೋಲು ಹಿಡಿದು ನಿಂತ್ರ ಅದೇ ಕೇಳಸ್ತದ. ಕೆಮ್ಮು ಅಲ್ಲೋ, ಆಕಿ ತಡಕೊಂಡಿದ್ದು! ಈಗ ಬರ್ತದ, ಈಗ ಬರ್ತದ ಅಂತ ಕಾಯ್ತೀನಿ, ಅಷ್ಟರಾಗ ಕೈ ಜಗ್ಗಿಬಿಡ್ತದ." ಅಷ್ಟು ಹೇಳಿ ದುಃಖ ತಡೆಯದೆ ಅತ್ತ. ಹನ್ನೊಂದು ವರ್ಷದಲ್ಲಿ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ಮುಂದಿನ ಏಟು ಇನ್ನಾ ಬಂದಿಲ್ಲ ಎಂದು ಬೀಡಿ ಸೇದುತ್ತ ಹೇಳಿದ ಮನುಷ್ಯ ಇವನೇ. ಕಲ್ಲು ಒಡೆದರೆ ಜಲ್ಲಿಯಾಗುತ್ತದೆ, ಅಷ್ಟೇ, ಅಲ್ಲಿ ಹಾಗೆ ಹೇಳಬಹುದು. ಇಲ್ಲಿ ಪ್ರತಿ ಏಟಿನ ಹಿಂದೆ ಹೆಂಡತಿಯ ಉಸಿರು ಕಟ್ಟಿತ್ತು. ಯಾವ ಪುಸ್ತಕ ಬರೆದವನ ಹೆಂಡತಿಗೆ ರಕ್ತ ಬರುತ್ತಿತ್ತು, ಹೇಳಿ ನೋಡೋಣ.

ಆಗ ನನಗೆ ಖಣಿಯ ಪದ್ಧತಿ ಹೊಳೆಯಿತು. ಅಯ್ಯೋ ಹುಚ್ಚಪ್ಪಾ, ಇವನು ಒಂಟಿಯಾಗಿ ಹೊಡೆಯುತ್ತಿದ್ದಾನಲ್ಲ! ಮರುದಿನ ಅವನ ಏಟು ತಪ್ಪಿದ ತಕ್ಷಣ ಕೋಲಿಗೆ ಕೈಯೊಡ್ಡಿದೆ. ಅವನು ಕೊಟ್ಟು ಮುಖ ತಿರುಗಿಸಿ ನಿಂತ. ನಾನು ಅದೇ ಚೆಂಡನ್ನು ಅದೇ ಗೆರೆಯಲ್ಲಿ ತಟ್ಟಿ "ಹೋತು" ಎಂದು ಕೋಲು ಮರಳಿಸಿದೆ. ಅವನ ಹೆಗಲು ಇಳಿದದ್ದು ಕಣ್ಣಿಗೆ ಕಂಡಿತು. ಮುಂದಿನ ಕುಣಿಯಲ್ಲಿ ಒಂದೇ ತಟ್ಟಿಗೆ ಚೆಂಡು ಒಳಗೆ. ಒಂದು ವಾರದಲ್ಲಿ ಕೈ ಮುಕ್ಕಾಲು ಪಾಲು ಮರಳಿತು. ಜೈತುನ್ಬೀಗೆ ಹೇಳಿದಾಗ ಆಕೆ ಹಣೆಗೆ ಕೈಯೊತ್ತಿ ನನ್ನ ದೃಷ್ಟಿ ತೆಗೆದು ನೆಟಿಗೆ ಮುರಿದಳು. "ಸಾಬಣ್ಣ ಭಾಯಿ, ನೀವು ಬಾಜೂಕ ಇದ್ರ ಸಾಕ್ರಿ, ನಂಗ ಧೈರ್ಯ ಅದ" ಎಂದಳು.

ದಸ್ತಗೀರ ಚಾಚಾ ಇದನ್ನು ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. "ಇದು ದಿನದ ಆಟದಾಗ ನಡೀತದ. ಪಂದ್ಯದಾಗ ಇನ್ನೊಬ್ಬನ ಕೈ ಚೆಂಡಿಗಿ ಹತ್ತಿತಂದ್ರ ಮುಗೀತು, ಅವನ ಆಟ ಪೂರಾ ರದ್ದು. ಕಾಯ್ದೆ ಅದ. ಬೇಕಾದ್ರ ಬಾಜೂಕ ನೆಲಕ್ಕ ಬಡಿ. ಚೆಂಡಿಗಿ ಮಾತ್ರ ಬ್ಯಾಡ, ತಿಳೀತಾ?"

"ತಿಳೀತರಿ ಚಾಚಾ" ಎಂದೆ. ನನಗೆ ತಿಳಿದಿತ್ತು. ಇದನ್ನು ಓದುವವರು ನೆನಪಿಟ್ಟುಕೊಳ್ಳಿ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವ ಹಕ್ಕು ನನಗಿಲ್ಲ. ಲಾಲ್ ಅಹ್ಮದನಿಗೂ ಹೇಳಿದೆ. ನೆಲಕ್ಕೇ ಬಡಿಯುವುದೆಂದು ಇಬ್ಬರೂ ಒಪ್ಪಿಕೊಂಡೆವು.

ಎಪ್ಪತ್ತನೇ ಇಸವಿ ಜನವರಿಯ ಒಂದು ರವಿವಾರ ಪಂದ್ಯ. ವಾಡಿಯಲ್ಲಿ ರೈಲು ಇಳಿದು ಜೀಪುಗಳಲ್ಲಿ ಹೊರಗಿನ ಸಾಹೇಬರು ಬಂದರು. ಶಾಮಿಯಾನ, ಸೋಡಾ ಬಾಟಲಿ, ಹೆಂಡಿರ ಬಣ್ಣದ ಛತ್ರಿ. ಜೈತುನ್ಬೀ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಅಷ್ಟು ಹೊತ್ತಿಗೆ ಎದ್ದು ನಡೆಯುವ ಶಕ್ತಿ ಇರಲಿಲ್ಲ. ಆದರೂ ಹೊರಡುವಾಗ ಕೂತಲ್ಲಿಂದಲೇ ನನ್ನ ಕೈಗೆ ಎರಡು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದಳು.

ಮೊದಲ ಐದು ಕುಣಿ ಅವನು ಖಣಿಯ ಲಾಲ್ಯಾನೇ. ಆರನೆಯದರಲ್ಲಿ ಒಂದು ತಟ್ಟು ತಪ್ಪಿತು. ಕೋಲು ಕೊಟ್ಟ. ನಾನು ನೆಲಕ್ಕೆ ಬಡಿದು "ಹೋತು" ಅಂದೆ. ಅವನು ಕೋಲು ಇಸಿದುಕೊಂಡ, ಆದರೆ ಹೆಗಲು ಇಳಿಯಲಿಲ್ಲ. ಗೆರೆ ಬಿಟ್ಟು ಹೊಡೆದರೆ ಏಟು ಹೇಗೆ ಇಳಿದೀತು? ಏಳನೆಯದರಲ್ಲಿ ಮತ್ತೆ ತಪ್ಪಿತು. ಎಂಟನೆಯದರಲ್ಲಿ ಎರಡು ಸಲ. ಅವನ ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಪೂರ್ತಿ ನಮ್ಮ ಓಣಿಯ ದಿಕ್ಕಿಗೆ.

ಒಂಬತ್ತನೇ ಕುಣಿಗೆ ಬರುವಷ್ಟರಲ್ಲಿ ಉಳಿದವರೆಲ್ಲ ಆಡಿ ಮುಗಿಸಿದ್ದರು. ದಸ್ತಗೀರ ಚಾಚಾ ಹಲಗೆಯ ಮೇಲೆ ಕೂಡಿಸಿ ನನಗೆ ಬೆರಳು ತೋರಿಸಿದರು: ಐದು. ಲಾಲ್ ಅಹ್ಮದ್ ಈ ಕುಣಿಯನ್ನು ಐದು ಏಟಿನಲ್ಲಿ ಮುಗಿಸಿದರೆ ಕಪ್ಪು ನಮ್ಮದು. ಮೂರು ಏಟಿಗೆ ಕರಿ ಅಂಗಳಕ್ಕೆ ಬಂದ. ಕುಣಿಗೆ ಎರಡು ಮಾರು. ಕೈಯಲ್ಲಿ ಎರಡು ಏಟು. ಚೀಫ್ ಸಾಹೇಬರು ಬೇಕೆಂದೇ ಅವನಿಗೆ ಕಾಣುವ ಹಾಗೆ ನಿಂತು ಜೇಬನ್ನು ಮುಟ್ಟಿ ತೋರಿಸಿದರು. ಆ ಕ್ಷಣದಲ್ಲಿ ಆ ಮನುಷ್ಯನ ಕೈ ಮುರಿಯಬೇಕು ಅನಿಸಿತು ನನಗೆ.

ನಾಲ್ಕನೇ ಏಟು. ಮಣಿಕಟ್ಟು ಜಗ್ಗಿತು. ಚೆಂಡು ಕುಣಿಯ ಅಂಚು ಸವರಿ ಆಚೆ ಹೋಗಿ ನಿಂತಿತು. ಒಂದು ಗೇಣು.

ಒಂದು ಏಟು ಬಾಕಿ, ಒಂದು ಗೇಣು ಬಾಕಿ. ಅವನ ಎರಡೂ ಕೈ ಅದರುತ್ತಿದ್ದವು, ಮೊಣಕೈಯವರೆಗೆ. ಗೇಣು ದೂರದಿಂದ ಅವನು ಮೂರು ಸಲ ತಪ್ಪಿದ ಸಂಜೆ ನನ್ನ ಕಣ್ಣ ಮುಂದೆ ಬಂತು. ಅವನು ಕೋಲನ್ನು ನನ್ನ ಕಡೆ ಚಾಚಿ ಮುಖ ತಿರುಗಿಸಿ ನಿಂತ. ತುಟಿ ಅಲುಗುತ್ತಿತ್ತು, ಬಿಸ್ಮಿಲ್ಲಾ ಅನ್ನುತ್ತಿದ್ದನೋ ಹೆಂಡತಿಯ ಹೆಸರು ಹೇಳುತ್ತಿದ್ದನೋ ತಿಳಿಯದು.

ನೆಲಕ್ಕೆ ಬಡಿದರೆ ಇಳಿಯುವುದಿಲ್ಲ ಎಂದು ಮೂರು ಕುಣಿಯಿಂದ ನೋಡಿದ್ದೆ. ಇಳಿಯದ ಕೈಯಿಂದ ಅವನು ಹೊಡೆದರೆ ತಪ್ಪುತ್ತಾನೆ, ತಪ್ಪಿದರೆ ಜೈತುನ್ಬೀ ಹೋದಳು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಕಾಯ್ದೆ ಇರಲಿಲ್ಲ, ಸಾಹೇಬರು ಇರಲಿಲ್ಲ, ಚಾಚಾ ಇರಲಿಲ್ಲ. ನನ್ನ ಜೋಡಿ ಮುಖ ತಿರುಗಿಸಿ ನಿಂತಿದ್ದಾನೆ, ಅವನ ಏಟು ಗೆರೆಯ ಮೇಲಿದೆ. ಹನ್ನೊಂದು ವರ್ಷದ ಕೈ ನನ್ನದು. ಹೊಡೆದುಬಿಟ್ಟಿತು.

ಚೆಂಡು ಟಕ್ಕೆಂದು ಕುಣಿಗೆ ಬಿತ್ತು. "ಹೋತು" ಅಂದೆ.

ನನ್ನ ದನಿ ನನಗೇ ಕೇಳಿದಾಗ ಏನು ಮಾಡಿದೆನೆಂದು ಗೊತ್ತಾಯಿತು. ಲಾಲ್ ಅಹ್ಮದ್ ಕೋಲಿಗೆ ಕೈಯೊಡ್ಡಿ ತಿರುಗಿದ, ಚೆಂಡು ಹುಡುಕಿದ. ನೆಲದ ಮೇಲೆ ಎಲ್ಲೂ ಇರಲಿಲ್ಲ. ಬಗ್ಗಿ ಕುಣಿಯೊಳಗೆ ನೋಡಿದ. ಆಮೇಲೆ ನನ್ನ ಮುಖ ನೋಡಿದ. ಬೈಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಎದುರು ತಂಡದ ಸಾಹೇಬನೊಬ್ಬ ಕೈ ಎತ್ತಿದ. ಪುಸ್ತಕ ತಂದರು, ಹಾಳೆ ತಿರುವಿದರು. ನಾನು ಅವರ ಕಾಲಿಗೆ ಬಿದ್ದೆ, "ತಪ್ಪು ನಂದ್ರಿ, ಅವನಿಗಿ ಇನ್ನೊಮ್ಮಿ ಹೊಡೀಲಿಕ್ಕ ಬಿಡ್ರಿ, ಗೇಣು ದೂರ ಅದ್ರಿ, ಒಂದು ಗೇಣು!" ಎಂದು ಮರಳಿಗೆ ಹಣೆ ಬಡಿದುಕೊಂಡೆ. ಹಣೆಗೆಲ್ಲ ಸುಟ್ಟ ಎಣ್ಣೆ ಮೆತ್ತಿತು. ಒಬ್ಬ ಹೆಣ್ಣುಮಗಳು ಛತ್ರಿಯ ಕೆಳಗೆ ನಕ್ಕಳು. ಆಟ ರದ್ದು. ಕಪ್ಪು ಬೇರೆಯವರ ಜೀಪು ಹತ್ತಿತು. ಚೀಫ್ ಸಾಹೇಬರು ಪತ್ರವನ್ನು ಹರಿಯಲೂ ಇಲ್ಲ, ಅದನ್ನು ಮರೆತೇ ಬಿಟ್ಟಿದ್ದರು. "ಖಣಿ ಮಂದಿಗೆ ಆಟ ಕಲಸಾಕ ಹೋದ ನಾ ಮೂರ್ಖ" ಎನ್ನುತ್ತ ಹೋದರು. ಮೂರು ತಿಂಗಳಲ್ಲಿ ಅವರಿಗೆ ಬೇರೆ ಕಡೆ ಬದಲಿಯಾಯಿತು.

ಗೇಣು ದೂರದಿಂದ ಅವನು ಹಾಕುತ್ತಿದ್ದನೋ ಇಲ್ಲವೋ? ಹದಿನೆಂಟು ವರ್ಷದಿಂದ ದಿನಾ ಕೇಳಿಕೊಳ್ಳುತ್ತೇನೆ. ಹಾಕುತ್ತಿರಲಿಲ್ಲ ಎಂದು ಒಂದು ದಿನ ಅನ್ನಿಸಿದರೆ ಆ ದಿನ ಊಟ ಸೇರುತ್ತದೆ.

ಮೈದಾನದಿಂದ ಓಣಿಗೆ ಎರಡು ಮೈಲು. ಅವನು ಮುಂದೆ ನಡೆದ, ನಾನು ಹಿಂದೆ. ಅವನ ಮನೆಯ ಬಾಗಿಲಲ್ಲಿ ನಾನು ಹಿಂದೆ ನಿಂತೆ. ಜೈತುನ್ಬೀ ಗೋಡೆ ಹಿಡಿದು ಏಳುತ್ತ ಗಂಡನ ಮುಖ ನೋಡಿದಳು. ಅವನು, "ಕೈ ನಡುಗಿತು, ಜೈತುನ್. ತಪ್ಪಿಬಿಟ್ಟೆ" ಎಂದ. ಅಷ್ಟೇ. ನನ್ನ ಹೆಸರು ತೆಗೆಯಲಿಲ್ಲ. ಆ ಪತ್ರ ಬಂದ ಮೇಲೆ ಮೊದಲ ಸಲ ಆಕೆ ಅವನ ಮುಂದೆ ಮನಸಾರೆ ಕೆಮ್ಮಿದಳು.

ಓಣಿಯೆಲ್ಲ ಅದೇ ಸುದ್ದಿಯಾಯಿತು. ಲಾಲ್ಯಾನ ಕೈ ಕೆಟ್ಟಿತಂತೆ, ಹೆಂಡತಿಯ ಜೀವ ಒಂದು ಗೇಣಿನಲ್ಲಿ ಕಳೆದನಂತೆ. ನೋಡಿದ ಸಾಹೇಬರು ನಮ್ಮ ಓಣಿಗೆ ಬರುವವರಲ್ಲ, ದಸ್ತಗೀರ ಚಾಚಾ ಲಾಲ್ ಅಹ್ಮದನ ಮಾತಿಗೆ ಕಟ್ಟುಬಿದ್ದು ಯಾರಿಗೂ ಹೇಳಲಿಲ್ಲ. ನಾನು ಹಾಳಾದವನು, ಒಂದು ಸಲವೂ ಬಾಯಿ ಬಿಡಲಿಲ್ಲ. ನಾಳೆ ಹೇಳುತ್ತೇನೆ ಅಂದುಕೊಂಡೆ. ಆಕೆಗೆ ಸ್ವಲ್ಪ ಆರಾಮವಾಗಲಿ ಅಂದುಕೊಂಡೆ. ಆರಾಮ ಎಲ್ಲಿಂದ ಆಗಬೇಕು? ಸೂಜಿಮದ್ದು ವಾರ ಬಿಟ್ಟು ವಾರ. ಆಷಾಢದ ಹೊತ್ತಿಗೆ ಆಕೆಯ ಮೈಯಲ್ಲಿ ಕಣ್ಣೊಂದೇ ಉಳಿದಿತ್ತು.

ಹೋಗುವ ಹಿಂದಿನ ದಿನ ಮಧ್ಯಾಹ್ನ ನನ್ನನ್ನು ಕರೆಸಿದಳು. ಲಾಲ್ ಅಹ್ಮದ್ ತಲೆದೆಸೆಗೆ ಕೂತು ಬೀಸಣಿಗೆ ಹಾಕುತ್ತಿದ್ದ. ಆಕೆ ಒಂದೊಂದೇ ಮಾತಿಗೆ ದಮ್ಮು ಹಿಡಿಯುತ್ತ ಹೇಳಿದಳು, "ಸಾಬಣ್ಣ ಭಾಯಿ, ನಾ ಇವರಿಗಿ ಭಾಳ ಬೈದೀನ್ರಿ ಮನಸಿನಾಗ. ಗಂಡಸಿಗಿ ಒಂದು ಗೇಣು ಹೊಡೀಲಿಕ್ಕ ಬರಲಿಲ್ಲೇನು ಅಂತ. ಈಗಿಲ್ಲ. ಕೈ ನಡುಗಿದ್ರ ಏನ್ ಮಾಡ್ತಾರ? ನನ್ನ ಸಲುವಾಗೇ ನಡುಗಿತು. ನಾ ಮಾಫ್ ಮಾಡೀನಿ. ನೀವೂ ಇವರಿಗಿ ಏನೂ ಅನ್ನಬ್ಯಾಡ್ರಿ."

ನಾನು ಬಾಯಿ ತೆರೆದೆ. ಅಲ್ಲಾನಾಣೆ, ಹನುಮಪ್ಪನಾಣೆ, ಹೇಳಲೆಂದೇ ತೆರೆದೆ. ಲಾಲ್ ಅಹ್ಮದ್ ಬೀಸಣಿಗೆ ಬಿಟ್ಟು ನನ್ನ ಮಣಿಕಟ್ಟನ್ನು ಹಿಡಿದ. ಹಿಡಿತ ಇಕ್ಕಳದ ಹಾಗಿತ್ತು. ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ಮಣ್ಣು ಕೊಟ್ಟು ಬರುವಾಗ ಕಾಗಿಣಾ ಹೊಳೆಯ ದಂಡೆಯಲ್ಲಿ ಕೈಕಾಲು ತೊಳೆಯಲು ಇಬ್ಬರೇ ಉಳಿದೆವು. ನನಗೆ ತಡೆಯಲಾಗಲಿಲ್ಲ. "ಯಾಕ ಹೇಳಗೊಡಲಿಲ್ಲಲೇ? ಹೊಡದಾವ ನಾನು. ಆರು ತಿಂಗಳು ಆಕಿ ಮನಸಿನಾಗ ಬೈಸಿಕೊಂಡೀದಿ. ನಾ ಹೇಳಿದ್ರ ನಿನ್ನ ಮ್ಯಾಲಿಂದು ಇಳೀತಿತ್ತಲ್ಲೋ!"

ಅವನು ನೀರಿನಿಂದ ಮುಖ ಎತ್ತಲಿಲ್ಲ. "ಹೊಂಟ ಜೀವ ಮನಸು ಹಗುರ ಮಾಡ್ಕೊಂಡು ಹೋಗಬೇಕು, ಸಾಬಣ್ಣ. ನಾ ಗಂಡ, ನನಗ ಮಾಫ್ ಮಾಡೋದು ಆಕಿಗಿ ಸರಳಿತ್ತು. ನಿನ್ನ ಹೆಸರು ಹೇಳಿದ್ರ ಮಾಫ್ ಮಾಡ್ತಿದ್ದಿಲ್ಲ."

ಟೊಪ್ಪಿಗೆ ತಲೆಗಿಟ್ಟುಕೊಂಡು ಎದ್ದ.

"ನಾನೂ ಮಾಡಿಲ್ಲ."

ಅದಾದ ಮೇಲೆ ಹದಿನೈದು ವರ್ಷ, ಅವನು ಸಾಯುವವರೆಗೆ, ನಾವು ಅದೇ ಖಣಿಯಲ್ಲಿ ಜೋಡಿಯಾಗಿ ಕಲ್ಲು ಸೀಳಿದೆವು. ಮುಂಜಾನೆಯ ಚಹಾ ದಿನಾ ಅವನೇ ಹೇಳುತ್ತಿದ್ದ, ಎರಡು ಕಪ್ಪು.